ಪುಡಿ ಹೊಳೆಯುತ್ತದೆ, ದ್ರಾವಣ ಹೊಳೆಯುವುದಿಲ್ಲ: ಮೊಲಿಬ್ಡಿನಂ ಕ್ಲಸ್ಟರ್

ಹಳದಿಹರಳು:
ಮೊಲಿಬ್ಡಿನಂ ಡೈಕ್ಲೋರೈಡನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಟೆಟ್ರಾಬ್ಯುಟೈಲ್ ಅಮೋನಿಯಂ ಉಪ್ಪಾಗಿ ಹಳದಿ ಹರಳು ತೆಗೆದಿದ್ದೇನೆ. ಆರು ಮೊಲಿಬ್ಡಿನಂ, ಹದಿನಾಲ್ಕು ಕ್ಲೋರಿನ್ ಇರುವ ಅದೇ ಹಳೆಯ ಅಯಾನು, ಅಂದರೆ ಲೋಹದ ಪರಮಾಣುಗಳು ಗುಂಪಾಗಿ ಕೂಡಿರುವ ಕ್ಲಸ್ಟರ್. 365 ನ್ಯಾನೊಮೀಟರ್ ಟಾರ್ಚ್ ಹಿಡಿದರೆ ಪುಡಿ ಚೆನ್ನಾಗಿ ಕೆಂಪಗೆ ಹೊಳೆಯುತ್ತದೆ. ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹೊಳಪು ಅಳೆಯುವ ಫ್ಲೋರಿಮೀಟರ್‌ನಲ್ಲಿ 365ರಿಂದ ಪ್ರಚೋದಿಸಿದಾಗ 730ರಲ್ಲಿ ಚೂಪಾದ ಒಂದು ಗೆರೆ ಬರುತ್ತಿದೆ. ಇದೇ ಹೊಳಪಾ? ಅಥವಾ ಕ್ಲಸ್ಟರ್ ಒಡೆದುಹೋಗಿದೆಯಾ? ಹೀರಿಕೆಯ ಸ್ಪೆಕ್ಟ್ರಮ್ ಮರುದಿನವೂ ಹಾಗೇ ಇತ್ತು.

ಆರ್ಗಾನಣ್ಣ:
ಹೀರಿಕೆ ಬದಲಾಗಿಲ್ಲ ಅಂದರೆ ಕ್ಲಸ್ಟರ್ ಬಹುಶಃ ಸರಿಯಾಗೇ ಇದೆ. ಮೊದಲು ಆ ಗೆರೆಯ ವಿಚಾರ ಮುಗಿಸೋಣ. 730 ಅಂದರೆ 365ರ ಎರಡರಷ್ಟು, ಅಲ್ವಾ? ಅದು ಗ್ರೇಟಿಂಗ್‌ನ ಎರಡನೇ ಆರ್ಡರ್: ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಆ ಗೀರುಫಲಕ 365ರ ಬೆಳಕನ್ನು ಎರಡರಷ್ಟು ಅಂಕಿಯ ಜಾಗದಲ್ಲೂ ತೋರಿಸುತ್ತದೆ. ದೀಪದ ಬೆಳಕೇ ಚದುರಿ ಅಲ್ಲಿ ಕಾಣಿಸಿಕೊಳ್ಳುತ್ತಿದೆ. ಪ್ರಚೋದನೆಯನ್ನು 380ಕ್ಕೆ ಸರಿಸಿ, ಗೆರೆ 760ಕ್ಕೆ ಓಡುತ್ತದೆ. ನಿಜವಾದ ಹೊಳಪು ಹಾಗೆ ಜಾಗ ಬದಲಿಸುವುದಿಲ್ಲ. ಇದರದು ಅಗಲವಾದ ದಿಬ್ಬ, ತುದಿ 800ರ ಸುತ್ತಮುತ್ತ. ಹೊರಬರುವ ಬೆಳಕಿನ ದಾರಿಯಲ್ಲಿ 500ರ ಲಾಂಗ್‌ಪಾಸ್ ಫಿಲ್ಟರ್ (500ಕ್ಕಿಂತ ಕೆಳಗಿನ ಬೆಳಕು ತಡೆಯುವಂಥದ್ದು) ಹಾಕಿದರೆ ಗೆರೆ ಮಾಯ.

ಹೊಳಪು ಆರಿಸುತ್ತಿರುವುದು ಗಾಳಿಯ ಆಮ್ಲಜನಕ. ರಸಾಯನಶಾಸ್ತ್ರಜ್ಞರಾದ ಮ್ಯಾವರಿಕ್, ಗ್ರೇ ಮತ್ತು ಜೊತೆಗಾರರು 1980ರ ದಶಕದಲ್ಲೇ ಅಳೆದಿದ್ದಾರೆ: ಆಮ್ಲಜನಕ ತೆಗೆದ ಅಸಿಟೋನೈಟ್ರೈಲ್‌ನಲ್ಲಿ ಈ ಅಯಾನಿನ ಉತ್ತೇಜಿತ ಸ್ಥಿತಿ ಸುಮಾರು 180 ಮೈಕ್ರೋಸೆಕೆಂಡ್ ಬಾಳುತ್ತದೆ, ಕ್ವಾಂಟಂ ಇಳುವರಿ (ಹೀರಿದ ಫೋಟಾನ್‌ಗಳಲ್ಲಿ ಹೊಳಪಾಗಿ ಮರಳುವ ಪಾಲು) 0.19. ಸಾಮಾನ್ಯ ಫ್ಲೋರೊಸೆಂಟ್ ಬಣ್ಣಗಳದು ಕೆಲವೇ ನ್ಯಾನೊಸೆಕೆಂಡ್. ಸಂತೆಯಲ್ಲಿ ಇಡೀ ದಿನ ದುಡ್ಡು ಕೈಯಲ್ಲಿ ಹಿಡಿದು ನಿಂತ ಹಾಗಾಯಿತು, ಯಾರಾದರೂ ಕಸಿದುಕೊಳ್ಳುತ್ತಾರೆ. ಆಮ್ಲಜನಕ ಆ ಶಕ್ತಿ ಕಸಿದು ತಾನು ಸಿಂಗ್ಲೆಟ್ ಅನ್ನುವ ಹೆಚ್ಚು ಶಕ್ತಿಯ ಸ್ಥಿತಿಗೆ ಹೋಗುತ್ತದೆ. ಹರಳಿನೊಳಗೆ ಅದು ಸುಲಭವಾಗಿ ನುಗ್ಗಲಾರದು, ಅದಕ್ಕೇ ಪುಡಿ ಗಾಳಿಯಲ್ಲೂ ಹೊಳೆಯುತ್ತದೆ.

ಆಮ್ಲಜನಕ ಓಡಿಸಲು ಸುಮ್ನೆ ಆರ್ಗಾನ್ ಗುಳ್ಳೆ ಬಿಟ್ಟರೂ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಅಸಿಟೋನೈಟ್ರೈಲ್ ಆವಿಯಾಗಿ ದ್ರಾವಣ ಗಾಢವಾಗುತ್ತದೆ. ಅನಿಲವನ್ನು ಮೊದಲು ಇನ್ನೊಂದು ಬಾಟಲಿಯ ಅಸಿಟೋನೈಟ್ರೈಲ್ ಮೂಲಕ ಹಾಯಿಸಿ. ನಿಖರ ಅಂಕಿ ಬೇಕಿದ್ದರೆ ದ್ರಾವಣವನ್ನು ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ಎಳೆದು, ಕರಗಿಸಿ, ಮತ್ತೆ ಅದನ್ನೇ ಮಾಡಿ. ಇದಕ್ಕೆ ದಪ್ಪ ಗೋಡೆಯ ಬಲ್ಬ್ ಇರುವ ಸೆಲ್ ಬೇಕು, ಬರೀ ಕ್ವಾರ್ಟ್ಜ್ ಕ್ಯೂವೆಟ್ (ಅಳತೆಗೆ ದ್ರಾವಣ ತುಂಬುವ ಚಿಕ್ಕ ಪಾತ್ರೆ) ಸೀಳುತ್ತದೆ. ದ್ರವ ಸಾರಜನಕದಲ್ಲಿ ಮುಳುಗಿಸುವ ಮೊದಲು ಆರ್ಗಾನ್ ಬರುವ ನಲ್ಲಿಯನ್ನು ಮುಚ್ಚಿ. ತೆರೆದೇ ಇದ್ದರೆ ಆರ್ಗಾನ್ ಆ ಚಳಿಗೆ ಸೆಲ್‌ನೊಳಗೆ ದ್ರವವಾಗಿ ಅಥವಾ ಗಟ್ಟಿಯಾಗಿ ಸೇರಿಕೊಳ್ಳುತ್ತದೆ, ಆಮೇಲೆ ಬಿಸಿಯಾದಾಗ ಸೆಲ್ ಸಿಡಿಯಬಹುದು. ಇದರಲ್ಲಿ ತಮಾಷೆ ಬೇಡ.

ಹಳದಿಹರಳು:
380ಕ್ಕೆ ಸರಿಸಿದೆ, ಗೆರೆ 760ಕ್ಕೇ ಹೋಯಿತು. ಆರ್ಗಾನ್ ಬಿಟ್ಟ ಮೇಲೆ ಕತ್ತಲಲ್ಲಿ ಮಂದ ಕೆಂಪು ಕಾಣುತ್ತಿದೆ. ಮುಚ್ಚಳ ತೆಗೆದು ಅಲುಗಾಡಿಸಿದರೆ ಆರುತ್ತದೆ! ಆದರೆ ಉಪಕರಣದಲ್ಲಿ ದಿಬ್ಬದ ತುದಿ 740ರ ಹತ್ತಿರ ಬರುತ್ತಿದೆ, 800 ಅಲ್ಲ.

ಬೆಳಕುಪೆಟ್ಟಿಗೆ:
ಡಿಟೆಕ್ಟರ್ ಯಾವುದು ನೋಡಿ. ಬೆಳಕು ಹಿಡಿಯುವ ಸಾಮಾನ್ಯ ಫೋಟೋಮಲ್ಟಿಪ್ಲೈಯರ್ ಟ್ಯೂಬ್‌ಗಳು 800ರ ಕಡೆಗೆ ಹೋದ ಹಾಗೆ ಕುರುಡಾಗುತ್ತವೆ, ಹಾಗಾಗಿ ದಿಬ್ಬದ ಬಲಭಾಗ ಕತ್ತರಿಸಿ ತುದಿ ಎಡಕ್ಕೆ ಸರಿದಂತೆ ಕಾಣುತ್ತದೆ. ಡಿಟೆಕ್ಟರ್‌ನ ಈ ಕೊರತೆ ಸರಿದೂಗಿಸುವ ಕರೆಕ್ಷನ್ ಫೈಲ್ ಹಾಕಿ. ಸಂವೇದನೆಯೇ ಇಲ್ಲದ ಕಡೆ ಅದು ಬರೀ ಗದ್ದಲವನ್ನು ಹಿಗ್ಗಿಸುತ್ತದೆ, ಅಲ್ಲಿ ಕೆಂಪು ಸಂವೇದಿ ಟ್ಯೂಬೇ ಬೇಕು. ಫೋನ್ ಕ್ಯಾಮೆರಾವನ್ನೂ ನಂಬಬೇಡಿ, ಅದರಲ್ಲಿ ಅತಿಗೆಂಪು ತಡೆಯುವ ಫಿಲ್ಟರ್ ಇರುತ್ತದೆ.

ನೀರುಗುಳ್ಳೆ:
ಮಧ್ಯೆ ಬಾಯಿ ಹಾಕುತ್ತೇನೆ. ಇನ್ನೂ ಜಾಸ್ತಿ ಹೊಳೆಯುವ ಕ್ಲಸ್ಟರ್ ಬೇಕಿದ್ದರೆ? ನೀರಿನಲ್ಲಿ ಬಳಸುವ ಯೋಚನೆಯೂ ಇದೆ.

ಆರ್ಗಾನಣ್ಣ:
ಕ್ಲೋರೈಡ್ ಬದಲು ಅಯೋಡೈಡ್ ಕ್ಲಸ್ಟರ್ ಕಡೆ ಹೋಗಿ. ಒಳಗಿನ ಎಂಟು ಹ್ಯಾಲೈಡ್‌ಗಳು (ಕ್ಲೋರೈಡ್, ಅಯೋಡೈಡ್‌ನಂಥವು) ಗಟ್ಟಿ, ಹೊರಗಿನ ಆರನ್ನು ಬದಲಿಸಬಹುದು. ಸಿಲ್ವರ್ ಟ್ರೈಫ್ಲೋರೊಅಸಿಟೇಟ್ ಸೇರಿಸಿದರೆ ಸಿಲ್ವರ್ ಅಯೋಡೈಡ್ ಕೆಳಗಿಳಿಯುತ್ತದೆ, ಹೊರಗೆ ಆರು ಟ್ರೈಫ್ಲೋರೊಅಸಿಟೇಟ್ ಕೂರುತ್ತವೆ. ಕತ್ತಲಲ್ಲಿ ಮಾಡಿ, ಸೆಲೈಟ್ ಅನ್ನುವ ಸೋಸುಪುಡಿಯಲ್ಲಿ ಸೋಸಿ. ಝೆಕ್ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ಆಮ್ಲಜನಕ ತೆಗೆದ ಅಸಿಟೋನೈಟ್ರೈಲ್‌ನಲ್ಲಿ ಇದರ ಕ್ವಾಂಟಂ ಇಳುವರಿ ಸುಮಾರು 1. ನೀರು ಬೇರೆ ತಲೆನೋವು. ಹೊರಗಿನ ಲಿಗಂಡ್‌ಗಳು (ಲೋಹಕ್ಕೆ ಅಂಟಿದ ಆ ಆರು ಗುಂಪುಗಳು) ಕಳಚಿ, ಅವುಗಳ ಜಾಗಕ್ಕೆ ನೀರು ಮತ್ತು ಹೈಡ್ರಾಕ್ಸೈಡ್ ಬರುತ್ತವೆ. ದ್ರಾವಣ ಕದಡಿ ತಳ ಸೇರುತ್ತದೆ. ಅದಕ್ಕೆ ಜನ ಕ್ಲಸ್ಟರನ್ನು ಸಿಲಿಕಾ ಅಥವಾ ಪಾಲಿಸ್ಟೈರೀನ್ ಕಣದೊಳಗೆ ಇಟ್ಟು ಬಳಸುತ್ತಾರೆ. ನಿಮ್ಮ ಉದ್ದೇಶ ಸಿಂಗ್ಲೆಟ್ ಆಮ್ಲಜನಕವೋ, ಇಮೇಜಿಂಗೋ? ಅದರ ಮೇಲೆ ಯಾವ ಕಣ ಅನ್ನೋದು ನಿಂತಿದೆ.