ಡೀಸೆಲ್ ಪ್ಯಾಸೆಂಜರ್ ರೈಲಿನ ಮಾದರಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. 2005ರ ಆಸುಪಾಸಿನಲ್ಲಿ ಅರಸೀಕೆರೆ–ಹುಬ್ಬಳ್ಳಿ ಪ್ಯಾಸೆಂಜರ್‌ನಲ್ಲಿ ಓಡಾಡಿದವನು ನಾನು. ಮುಂದೆ ಡಬ್ಲ್ಯುಡಿಎಂ-2 ಇಂಜಿನ್, ಹಿಂದೆ ನೀಲಿ ಬಣ್ಣದ ಐಸಿಎಫ್ (ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಗಳು. ಆ ರೈಲಿನ ಮಾದರಿ ಮಾಡಬೇಕು ಅಂತ ಹೊರಟಿದ್ದೇನೆ. ಸುಮ್ನೆ ಶೋಕೇಸಿನಲ್ಲಿ ಇಡೋದಕ್ಕಲ್ಲ. ಹಳಿ ಮೇಲೆ ಓಡಬೇಕು, ಕಿಟಕಿ ಸರಳು, ಬೋಗಿ ನಂಬರು ಎಲ್ಲ ಕಾಣಬೇಕು. ಒಂದು ಇಂಜಿನ್, ನಾಲ್ಕು ಬೋಗಿ ಸಾಕು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಲು ಬರುತ್ತದೆ. ಚಿಕ್ಕ ರೆಸಿನ್ 3ಡಿ ಪ್ರಿಂಟರ್ ಇದೆ. ಇಂಥದ್ದನ್ನು ಮಾಡಿದವರು ದಯವಿಟ್ಟು ಅನುಭವ ಹೇಳಿ.

ಬೆಂಗಳೂರಿನಿಂದ

ಮೊದಲು ಒಂದು ವರ್ಷ, ಒಂದು ಇಂಜಿನ್ ನಂಬರು ಹಿಡಿಯಿರಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಡಬ್ಲ್ಯುಡಿಎಂ-2 ಅಂದರೆ ಒಂದೇ ರೂಪ ಅಲ್ಲ. ಅಮೆರಿಕದ ಆಲ್ಕೋ ಕಂಪನಿಯಿಂದ 1962ರಲ್ಲಿ ಬಂದ ಇಂಜಿನ್‌ಗೂ 1964ರಿಂದ ವಾರಾಣಸಿಯಲ್ಲಿ ತಯಾರಾದವಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇದೆ. ಮುಂದಿನ ಗಾಜು ದೊಡ್ಡದಿರುವ ‘ಜಂಬೋ’ ನೋಡಿದರೆ ಬೇರೆ ಇಂಜಿನ್ನೇ ಅನ್ನಿಸುತ್ತದೆ. ಎಷ್ಟೋ ಇಂಜಿನ್‌ಗಳು ಆಮೇಲೆ 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆಗಿ ಬದಲಾದವು. ನಾಲ್ಕು ಫೋಟೋದಿಂದ ನಾಲ್ಕು ವಿವರ ತೆಗೆದು ಒಂದು ಮಾದರಿ ಮಾಡಿದರೆ ಎಲ್ಲೂ ಇಲ್ಲದ ಇಂಜಿನ್ ಆಗುತ್ತದೆ. ಕೃಷ್ಣರಾಜಪುರಂ ಶೆಡ್ಡಿನ ಒಂದು ಇಂಜಿನ್ ಆರಿಸಿಕೊಂಡು, ಅದರ ಎರಡೂ ಪಕ್ಕದ, ಎರಡೂ ತುದಿಯ ಹಳೇ ಫೋಟೋ ಸಿಗುವವರೆಗೆ ಡ್ರಾಯಿಂಗ್ ಶುರು ಮಾಡಬೇಡಿ.

ಇನ್ನು ಅಳತೆ. ಐಸಿಎಫ್ ಬೋಗಿ ಬಾಡಿಯ ಉದ್ದ 21,337 ಮಿ.ಮೀ., ಅಗಲ 3,245 ಮಿ.ಮೀ. ಕೆಳಗಿನ ಎರಡು ಟ್ರಾಲಿಗಳ, ಅಂದರೆ ಚಕ್ರಗಳಿರುವ ಚೌಕಟ್ಟುಗಳ, ನಡುಬಿಂದುವಿನ ಅಂತರ 14,783. ಒಂದು ಟ್ರಾಲಿಯ ಎರಡು ಆಕ್ಸಲ್ ನಡುವೆ 2,896. ಹೊಸ ಚಕ್ರದ ವ್ಯಾಸ 915. ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ, ಬೋಗಿ ಸುಮಾರು 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ ಬರುತ್ತದೆ. ಇಂಜಿನ್ ಬಫರಿನಿಂದ ಬಫರಿಗೆ 17,120, ಎಚ್‌ಓದಲ್ಲಿ 197 ಮಿ.ಮೀ.

ಮಿಕ್ಕ ಅಳತೆಗಳನ್ನು ಫೋಟೋದಿಂದಲೇ ತೆಗೆಯಬೇಕಾಗುತ್ತದೆ. ತುಂಬ ಜನ ಚಕ್ರದ ವ್ಯಾಸವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅದು ಬೇಡ. ಚಕ್ರ ಸವೆಯುತ್ತದೆ, ಪ್ರತಿ ಸಲ ಲೇತಿಗೆ ಹಾಕಿದಾಗಲೂ ಚಿಕ್ಕದಾಗುತ್ತದೆ. ಆಕ್ಸಲ್ ನಡುವಿನ 2,896 ಮಾತ್ರ ಬದಲಾಗೋದಿಲ್ಲ. ಫೋಟೋದಲ್ಲಿ ಆ ಎರಡು ಬಿಂದು ಗುರುತು ಮಾಡಿ, ಅದರ ಲೆಕ್ಕದಲ್ಲಿ ಕಿಟಕಿ, ಬಾಗಿಲು, ಬ್ಯಾಟರಿ ಪೆಟ್ಟಿಗೆ ಎಲ್ಲ ಅಳೆಯಿರಿ. ಫೋಟೋವನ್ನು ಹತ್ತಿರದಿಂದ ತೆಗೆಯಬೇಡಿ. ದೂರ ನಿಂತು ಝೂಮ್ ಮಾಡಿ, ಆಗ ತುದಿಗಳು ಓರೆಯಾಗೋದಿಲ್ಲ. ನಿಮ್ಮ ಪ್ಲಾಟ್‌ಫಾರಂನಲ್ಲಿ ನಿಂತ ಗಾಡಿಯ ಕೆಳಭಾಗ ಕಾಣೋದಿಲ್ಲವಲ್ಲ, ಆಚೆ ಪ್ಲಾಟ್‌ಫಾರಂನಿಂದ ತೆಗೆಯಬೇಕು. ಮೊದಲು ಸ್ಟೇಷನ್ ಮಾಸ್ಟರನ್ನು ಕೇಳಿ. ಹಳಿಗೆ ಮಾತ್ರ ಇಳಿಯಲೇಬೇಡಿ.

ಈ ಕೆಲಸ ಮುಂದೂಡಬೇಡಿ. ಪೆರಂಬೂರಿನಲ್ಲಿ ಈ ಮಾದರಿಯ ಬೋಗಿ ಮಾಡೋದನ್ನು 2018ರ ಜನವರಿಯಲ್ಲೇ ನಿಲ್ಲಿಸಿದರು. ಇರುವವೂ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಮೈಸೂರಿನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಎಚ್‌ಓ ಅನ್ನೋದನ್ನು ಒಂದು ಸಲ ಯೋಚಿಸಿ ಅಂತೀನಿ. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5 ಮಿ.ಮೀ., ಯುರೋಪಿನ 1,435 ಮಿ.ಮೀ. ಗೇಜಿಗೆ ಮಾಡಿದ್ದು. ಪಕ್ಕದಿಂದ ನೋಡಿದರೆ ಏನೂ ಗೊತ್ತಾಗೋದಿಲ್ಲ. ಎದುರಿನಿಂದ ನೋಡಿದರೆ ಅಗಲವಾದ ಗಾಡಿ ಸಣ್ಣ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತದೆ.

ಅದೇ 16.5 ಹಳಿಯ ಮೇಲೆ 1:100ರಲ್ಲಿ ಮಾಡಿ ನೋಡಿ. 1,676ನ್ನು 100ರಿಂದ ಭಾಗಿಸಿದರೆ 16.76. ವ್ಯತ್ಯಾಸ ಕೂದಲೆಳೆಯಷ್ಟು. ಬೋಗಿ 213 ಮಿ.ಮೀ. ಆಗುತ್ತದೆ. ಲೆಕ್ಕ ಮಾಡೋದೂ ಸುಲಭ, ಅಲ್ವಾ? ಬೇರೆ ದೇಶದ ಎಚ್‌ಓ ಗಾಡಿ ಪಕ್ಕದಲ್ಲಿ ನಿಲ್ಲಿಸಲು ಆಗೋದಿಲ್ಲ ಅನ್ನೋದು ನಿಜ. ಆದರೆ ಆರ್ಕಿಟೆಕ್ಟ್‌ಗಳು ಮಾದರಿಗೆ ಬಳಸುವ ಪುಟ್ಟ ಮನುಷ್ಯರು, ಮರ, ಬೆಂಚು 1:100ರಲ್ಲಿ ಸಿಗುತ್ತವೆ. ನಿಮ್ಮ ಪ್ಲಾಟ್‌ಫಾರಂ ತುಂಬಿಸಲು ಅಷ್ಟು ಸಾಕು.

ಹುಬ್ಬಳ್ಳಿಯಿಂದ

ನಾನು ಮಾಡೆಲ್ ಮಾಡಿದವನಲ್ಲ ರೀ. ಕೋಚಿಂಗ್ ಡಿಪೋದಾಗ ಫಿಟ್ಟರ್ ಕೆಲಸ ಮಾಡಿ ರಿಟೈರ್ ಆದವನು. ಬೋಗಿ ಬಗ್ಗೆ ಎರಡು ಮಾತು ಹೇಳ್ತೀನಿ.

ನಂಬರಿನ ಮೊದಲ ಎರಡು ಅಂಕಿ ತಯಾರಾದ ವರ್ಷ. ಕೊನೆಯ ಮೂರು ಅಂಕಿ ಬೋಗಿಯ ಜಾತಿ. ಜನರಲ್ ಬೋಗಿಗೆ 400ರಿಂದ 599ರವರೆಗೆ. ಗಾರ್ಡ್, ಲಗೇಜ್ ಇರೋ ಎಸ್‌ಎಲ್‌ಆರ್ ಬೋಗಿ 700ರ ಸಾಲಿನಾಗ ಬರ್ತದ. ಹೀಗಾಗಿ 2005ರ ರೈಲಿನಾಗ 08ರಿಂದ ಶುರುವಾಗೋ ನಂಬರ್ ಹಾಕಬ್ಯಾಡ್ರಿ. ನೈಋತ್ಯ ರೈಲ್ವೆ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಹಿಂದಿನ ಇಸವಿ ಆರಿಸಿದರೆ ಬೋಗಿ ಮೇಲೆ ಆ ವಲಯದ ಹೆಸರು ಬರೋದಿಲ್ಲ.

ಕೆಳಗೆ ನೋಡ್ರಿ. ಟ್ರಾಲಿಯ ಪ್ರತಿ ಆಕ್ಸಲ್ ಬಾಕ್ಸಿನ ಎರಡೂ ಕಡೆ ಒಂದೊಂದು ಕಾಯಿಲ್ ಸ್ಪ್ರಿಂಗ್, ನಡುವೆ ಬೋಗಿಯ ಭಾರ ಹೊರೋ ಬೋಲ್ಸ್ಟರ್ ಸ್ಪ್ರಿಂಗ್. ಇವು ಬೇರೆ ಬೇರೆ ಎದ್ದು ಕಾಣಬೇಕು. ಒಂದೇ ಗಟ್ಟಿ ಮುದ್ದೆ ಮಾಡಿದರೆ ಐಸಿಎಫ್ ಟ್ರಾಲಿ ಅಂತ ಯಾರೂ ಗುರುತು ಹಿಡಿಯೋದಿಲ್ಲ. ಟ್ರಾಲಿಗೆ ನೇತುಹಾಕಿದ ಆಲ್ಟರ್ನೇಟರ್ ಇರ್ತದ, ಆಕ್ಸಲ್ಲಿನಿಂದ ಅದಕ್ಕ ಬೆಲ್ಟ್. ಕರೆಂಟ್ ಬರೋದೇ ಅಲ್ಲಿಂದ. ಅದನ್ನು ಬಿಡಬ್ಯಾಡ್ರಿ. ಬೋಗಿಯ ಎರಡು ಪಕ್ಕ ಒಂದೇ ಥರ ಇರೋದಿಲ್ಲ, ಎರಡೂ ಕಡೆ ಫೋಟೋ ತಗೋರಿ.

ಬಣ್ಣದ ಬಗ್ಗೆನೂ ಒಂದು ಮಾತು. ಓಡೋ ಗಾಡಿಯ ಟ್ರಾಲಿ ಕಪ್ಪಗೆ ಹೊಳೆಯೋದನ್ನು ನಾ ನೋಡೇ ಇಲ್ಲ. ಬ್ರೇಕ್ ಬ್ಲಾಕಿನ ಪುಡಿ ಕೂತು ಕಂದು ಬಣ್ಣ ಆಗಿರ್ತದ. ಪಾಯಿಖಾನೆ ಇರೋದು ಬೋಗಿಯ ಎರಡು ತುದಿಗೆ, ಅದರ ಕೆಳಗೆ ಕಲೆ ಇನ್ನೂ ಜಾಸ್ತಿ. ಕೊನೇ ಬೋಗಿಯ ಹಿಂದೆ ಹಳದಿ ಗುಣಾಕಾರ ಚಿಹ್ನೆ ಮತ್ತು ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡ್ ಮರೀಬ್ಯಾಡ್ರಿ. ಅದಿಲ್ಲದ ಗಾಡಿ ನೋಡಿದರ ಸ್ಟೇಷನ್ ಮಾಸ್ಟರಿಗೆ ಗಾಬರಿ ಆಗ್ತದ, ಹಿಂದೆ ಬೋಗಿ ಬಿಟ್ಟು ಬಂತೇನೋ ಅಂತ.

ಪ್ರಶ್ನೆ ಕೇಳಿದವರು

ಫಿಟ್ಟರ್ ಸಾಹೇಬ್ರೇ, ಇದು ಯಾವ ಡ್ರಾಯಿಂಗಿನಲ್ಲೂ ಸಿಗದ ಮಾಹಿತಿ. ತುಂಬ ಥ್ಯಾಂಕ್ಸ್. ಇನ್ನೊಂದು ವಿಷಯ: ನನ್ನ ಹತ್ತಿರ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆ ಅಷ್ಟೇ ಇದೆ. ಇಷ್ಟು ಉದ್ದದ ಬೋಗಿ ತಿರುವಿನಲ್ಲಿ ಹೋಗುತ್ತದಾ?

ಅಮೆರಿಕದಿಂದ, ಮೂಲ ಶಿವಮೊಗ್ಗ

ಹೋಗುತ್ತದೆ, ಆದರೆ ಲೆಕ್ಕ ಹಾಕಿ. ಟ್ರಾಲಿ ನಡುವಿನ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಬೋಗಿಯ ನಡುಭಾಗ ಅಷ್ಟು ಒಳಗೆ ಸರಿಯುತ್ತದೆ. ಎಚ್‌ಓದಲ್ಲಿ ಆ ಅಂತರ 170 ಮಿ.ಮೀ. ಮಾದರಿ ರೈಲಿನ ಸೆಟ್ ಪೆಟ್ಟಿಗೆಯಲ್ಲಿ ಬರುವ 360 ಮಿ.ಮೀ. ತ್ರಿಜ್ಯದ ತಿರುವಾದರೆ 10 ಮಿ.ಮೀ. ಒಳಗೆ. ತುದಿ ಹೆಚ್ಚುಕಮ್ಮಿ ಅಷ್ಟೇ ಹೊರಗೆ. ನೋಡಲು ಚೆನ್ನಾಗಿರೋದಿಲ್ಲ, ಬಫರ್‌ಗಳೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ನಿಮ್ಮ ಹಲಗೆಯಲ್ಲಿ 550 ಮಿ.ಮೀ. ತಿರುವು ಹಾಕಬಹುದು, ಆಗ ಏಳರೊಳಗೆ ಬರುತ್ತದೆ. ತಿರುವಿನಲ್ಲಿ ಪ್ಲಾಟ್‌ಫಾರಂ ಬೇಡ, ನೇರ ಹಳಿಯಲ್ಲೇ ಇರಲಿ.

ಇಂಜಿನ್ನಿನ ಮೋಟಾರು, ಗೇರು ನೀವೇ ಮಾಡಲು ಹೋಗಬೇಡಿ ಅನ್ನೋದು ನನ್ನ ಸಲಹೆ. ಡಬ್ಲ್ಯುಡಿಎಂ-2ರ ಟ್ರಾಲಿಯಲ್ಲಿ ಮೂರು ಆಕ್ಸಲ್‌ಗಳ ಅಂತರ ಸಮ ಇಲ್ಲ, ನಡುವಿನದು ಒಂದು ಕಡೆಗೆ ಸರಿದಿದೆ. ಆಲ್ಕೋದ ಆರ್‌ಎಸ್‌ಡಿ-5 ಇಂಜಿನ್‌ಗೂ ಹಾಗೇ ಇದೆ. ಅದರ ಎಚ್‌ಓ ಮಾದರಿ ಇಲ್ಲಿ ಹಳೇ ಸಾಮಾನಿನ ಮೇಳಗಳಲ್ಲಿ ಸಿಗುತ್ತದೆ. ಆಕ್ಸಲ್ ಅಂತರ ಅಳೆದು ನೋಡಿ ತಗೊಳ್ಳಿ. ಮೇಲಿನ ಬಾಡಿ ತೆಗೆದು ನಿಮ್ಮದನ್ನು ಕೂರಿಸಿದರೆ ಆಯಿತು. 1:100 ಅಂದುಕೊಂಡರೆ ಮಾತ್ರ ಈ ದಾರಿ ಮುಚ್ಚುತ್ತದೆ, ಅದಕ್ಕೇ ನಾನು ಎಚ್‌ಓ ಕಡೆ.

ಸದ್ದಿಗೂ ಇದೇ ಅನುಕೂಲ. ಡಬ್ಲ್ಯುಡಿಎಂ-2ರಲ್ಲಿರೋದು ಆಲ್ಕೋ 251 ಸಾಲಿನ 16 ಸಿಲಿಂಡರ್ ಎಂಜಿನ್. ಅದೇ ಸಾಲಿನ ಅಮೆರಿಕನ್ ಇಂಜಿನ್‌ಗಳ ಸದ್ದು ಇರುವ ಡಿಸಿಸಿ ಡಿಕೋಡರ್ (ಮಾದರಿ ಇಂಜಿನ್ನನ್ನು ಡಿಜಿಟಲ್ ಆಗಿ ನಿಯಂತ್ರಿಸುವ ಚಿಪ್) ಹಾಕಿ, ಹಾರನ್ ಮಾತ್ರ ನಮ್ಮದಕ್ಕೆ ಬದಲಿಸಿ. ನಿಂತಲ್ಲೇ ಗುಡುಗುಡು ಅನ್ನೋ ಆ ಸದ್ದು ಕೇಳಿದಾಗ ನನಗೆ ತಾಳಗುಪ್ಪ, ಬೀರೂರು ಎಲ್ಲ ನೆನಪಾಗುತ್ತದೆ.

ತೂಕ ಮರೆಯಬೇಡಿ. ಇಲ್ಲಿನ ಮಾದರಿ ರೈಲು ಸಂಘದ ಲೆಕ್ಕದಲ್ಲಿ 245 ಮಿ.ಮೀ. ಬೋಗಿ ಸುಮಾರು 165 ಗ್ರಾಂ ಇರಬೇಕು. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತುಂಡುಗಳನ್ನು ನೆಲದ ಮೇಲೆ, ಆದಷ್ಟು ತಗ್ಗಿನಲ್ಲಿ ಅಂಟಿಸಿ.

ಚಾಮರಾಜಪೇಟೆಯಿಂದ

ನಿಮ್ಮ ಪ್ರಿಂಟರಿನಲ್ಲಿ 245 ಮಿ.ಮೀ. ಬಾಡಿ ಒಂದೇ ತುಂಡಾಗಿ ಬರೋದು ಕಷ್ಟ. ಬಂದರೂ ಉದ್ದ ತೆಳು ಗೋಡೆ ಸೊಟ್ಟಗಾಗುತ್ತದೆ. ಪಕ್ಕದ ಗೋಡೆಗಳನ್ನು 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ. ಟ್ರಾಲಿ, ತುದಿಯ ಗೋಡೆ, ಚಾವಣಿಯ ಗಾಳಿಗಿಂಡಿ, ಬ್ಯಾಟರಿ ಪೆಟ್ಟಿಗೆ ಮಾತ್ರ ರೆಸಿನ್‌ನಲ್ಲಿ ಮಾಡಿ. ಬೋಗಿಯ ಗೋಡೆ ಕೆಳಗೆ ಸ್ವಲ್ಪ ಒಳಕ್ಕೆ ಬಾಗಿರುತ್ತದೆ, ಆ ಬಾಗು ತಪ್ಪಿಸಬೇಡಿ. ಅದಿಲ್ಲದಿದ್ದರೆ ಬೋಗಿ ಡಬ್ಬದ ಹಾಗೆ ಕಾಣುತ್ತದೆ.

ಕಿಟಕಿ ಸರಳಿಗೆ ರೆಸಿನ್ ಬೇಡವೇ ಬೇಡ, ಮುಟ್ಟಿದರೆ ಮುರಿಯುತ್ತದೆ. ಗಿಟಾರಿನ ಅತಿ ತೆಳು ತಂತಿ 0.009 ಇಂಚು, ಅಂದರೆ 0.23 ಮಿ.ಮೀ. ಎಚ್‌ಓದಲ್ಲಿ ಅದು 20 ಮಿ.ಮೀ. ಸರಳಿಗೆ ಸಮ. ಉಕ್ಕಿನದಾದ್ದರಿಂದ ಜೋತು ಬೀಳೋದಿಲ್ಲ. ಗೋಡೆಯ ಒಳಗಡೆ ಕಿಟಕಿ ಸಾಲಿನ ಉದ್ದಕ್ಕೂ ಗೀರು ಕೊರೆದು, ಒಂದೇ ತಂತಿಯನ್ನು ಈ ತುದಿಯಿಂದ ಆ ತುದಿಗೆ ಎಳೆದು ಅಂಟಿಸಿ. ಎಲ್ಲಾ ಕಿಟಕಿಯ ಸರಳೂ ಒಂದೇ ಗೆರೆಯಲ್ಲಿ ಬರುತ್ತವೆ. ಇಂಜಿನ್ನಿನ ಪಕ್ಕದ ಕೈಕಂಬಿಗೆ ಸ್ವಲ್ಪ ದಪ್ಪದ ತಂತಿ ಸಾಕು.

ಅಕ್ಷರಗಳಿಗೆ ಮನೆಯ ಲೇಸರ್ ಪ್ರಿಂಟರ್ ಆಗೋದಿಲ್ಲ. ಅದರಲ್ಲಿ ಬಿಳಿ ಬಣ್ಣ ಇಲ್ಲ, ಹಳದಿ ಅಕ್ಷರ ನೀಲಿ ಮೇಲೆ ಮಾಯವಾಗುತ್ತದೆ. ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟ್ ಮಾಡುವವರ ಹತ್ತಿರ ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಕ್ಷರ ಅಂಟಿಸುವ ಹಾಳೆ) ಕೊಟ್ಟು ಮಾಡಿಸಿ. ಒಂದೇ ಸ್ಕ್ರೀನಿನಲ್ಲಿ ನಾಲ್ಕೂ ಬೋಗಿಯ ನಂಬರು ಕೂರಿಸಬಹುದು. ಅಂಕಿಗಳು ಚೆನ್ನಾಗಿ ಬರುತ್ತವೆ. ಕಷ್ಟ ಇರೋದು ಊರಿನ ಫಲಕದಲ್ಲಿ. ‘ಹುಬ್ಬಳ್ಳಿ’ಯ ಒತ್ತಕ್ಷರಗಳು ಅಷ್ಟು ಚಿಕ್ಕದರಲ್ಲಿ ಮಸಿ ಹರಡಿ ಒಂದಾಗಿಬಿಡುತ್ತವೆ. ತೆಳು ಗೆರೆಯ ಫಾಂಟ್ ಆರಿಸಿ, ಒತ್ತನ್ನು ಅಕ್ಷರದಿಂದ ಸ್ವಲ್ಪ ಕೆಳಗೆ ಎಳೆದು, ಫೋಟೋ ಬದಲು ವೆಕ್ಟರ್ ಫೈಲನ್ನೇ ಕೊಡಿ. ಮೊದಲು ಬಿಳಿ ಹಾಳೆಯ ಮೇಲೆ ಒಂದು ಪ್ರತಿ ತೆಗೆಸಿ, ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಡೆಕಾಲ್ ಹಾಳೆಗೆ ಹಾಕಿಸಿ.