ಮಕ್ಕಳ ರಕ್ಷಣೆ ಕೆಲಸಕ್ಕೆ ಬರೋ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್: ಬಾಂಡ್ ಹೇಗಿರಬೇಕು?

ಪ್ರಶ್ನೆ (ಪುಣೆ)
ಇಲ್ಲಿನ ನಮ್ಮ ಟ್ರಸ್ಟಿನಿಂದ ಕನ್ನಡ ಬಲ್ಲ ಇಬ್ಬರು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಎರಡು ವರ್ಷ ತಿಂಗಳಿಗೆ 6,000 ರೂಪಾಯಿ ಕೊಡುವ ಯೋಚನೆ ಇದೆ. ಓದು ಮುಗಿದ ಮೇಲೆ ಮಕ್ಕಳ ರಕ್ಷಣೆ ಕೆಲಸಕ್ಕೇ ಬರಬೇಕು ಅನ್ನೋದು ಷರತ್ತು. ಎಷ್ಟು ವರ್ಷದ ಬಾಂಡ್? ಬಿಟ್ಟುಹೋದರೆ ವಸೂಲಿ ಹೇಗೆ?

ಉತ್ತರ 1 (ಮುಂಬೈ)
ಅಮೆರಿಕದಲ್ಲಿ 1980ರ ಕಾನೂನಿನಿಂದ ಬಂದ ಟೈಟಲ್ ಫೋರ್-ಇ ಅಂತ, ಮಕ್ಕಳ ಕಲ್ಯಾಣ ಕೆಲಸಕ್ಕೆ ಓದುವವರಿಗೂ ಹಣ ಸಿಗುವ ಒಂದು ವ್ಯವಸ್ಥೆ ಇದೆ, ಅದನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅರ್ಹ ತರಬೇತಿ ವೆಚ್ಚದ 75% ಅಲ್ಲಿನ ಕೇಂದ್ರ ಸರ್ಕಾರವೇ ಭರಿಸುತ್ತದೆ. ಆಡಳಿತ ವೆಚ್ಚಕ್ಕೆ ಕೊಡೋದು 50% ಮಾತ್ರ. ವಿದ್ಯಾರ್ಥಿಗಳು ಎಷ್ಟು ಕಾಲ ಹಣ ಪಡೆದರೋ ಕನಿಷ್ಠ ಅಷ್ಟು ಕಾಲ ಕೆಲಸ ಮಾಡಬೇಕು. ಆದರೆ ಓದು ಮುಗಿದ 2 ತಿಂಗಳೊಳಗೆ ಅಲ್ಲಿನ ಮಕ್ಕಳ ಕಲ್ಯಾಣ ಇಲಾಖೆ ಕೆಲಸ ಕೊಟ್ಟರೆ ಮಾತ್ರ ಈ ಕಟ್ಟು. ಕೆಲಸ ಕೊಡಲಾಗದಿದ್ದರೆ ವಿದ್ಯಾರ್ಥಿ ಮುಕ್ತ.

ನಿಮ್ಮ ಬಾಂಡಿನಲ್ಲಿ ಈ ಸಾಲು ಇರಲೇಬೇಕು, ಯಾಕಂದ್ರೆ ಕೆಲಸ ಕೊಡೋದು ನಿಮ್ಮ ಕೈಯಲ್ಲಿಲ್ಲ. ಜಿಲ್ಲೆಯಲ್ಲಿ ಈ ಕೆಲಸ ನೋಡೋ ಸರ್ಕಾರಿ ಕಚೇರಿಯಾದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು ಗುತ್ತಿಗೆಯವು, ಯಾವಾಗ ಭರ್ತಿ ಆಗುತ್ತವೋ ಹೇಳೋಕಾಗಲ್ಲ. ಹಾಗಾಗಿ ಘಟಕದ ಜೊತೆಗೆ ನೋಂದಾಯಿತ ಬಾಲಮಂದಿರ, 1098 ಮಕ್ಕಳ ಸಹಾಯವಾಣಿ ಕೆಲಸಗಳನ್ನೂ ಹೆಸರಿಸಿ ಬರೆಯಿರಿ. ‘ಸಾಮಾಜಿಕ ಕ್ಷೇತ್ರ’ ಅಂತ ಅಸ್ಪಷ್ಟವಾಗಿ ಬರೆದರೆ ನಾಳೆ ಕಂಪನಿಯ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ಕೆಲಸವೂ ಅದರೊಳಗೇ ಬರುತ್ತೆ.

ಉತ್ತರ 2 (ಪುಣೆ)
ಕೆಲಸ ಮಾಡಿದ ಪ್ರತಿ ತಿಂಗಳಿಗೂ ವಸೂಲಿ ಮೊತ್ತ ಇಳಿಯುತ್ತಾ ಹೋಗಲಿ. 24 ತಿಂಗಳಿಗೆ ಒಟ್ಟು 1,44,000. ಒಂದು ವರ್ಷ ದುಡಿದು ಬಿಟ್ಟರೆ ವಾಪಸ್ ಕೊಡಬೇಕಾದ್ದು 72,000 ಮಾತ್ರ. ಅದರ ಮೇಲೆ ದಂಡ ಹೇರಬೇಡಿ. ಒಪ್ಪಂದದಲ್ಲಿ ದೊಡ್ಡ ಮೊತ್ತ ಬರೆದಿದ್ದರೂ 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರವನ್ನಷ್ಟೇ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಕೆಟ್ಟ ರೂಢಿಯಂತೂ ಬೇಡವೇ ಬೇಡ.

ಇನ್ನೊಂದು ಮಾತು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಸಮಾಜ ಕಾರ್ಯಕರ್ತರಿಗೆ ತಿಂಗಳಿಗೆ 18,536, ಔಟ್‌ರೀಚ್ ವರ್ಕರ್‌ಗೆ (ಜನರಿರುವಲ್ಲಿಗೇ ಹೋಗಿ ಕೆಲಸ ಮಾಡುವವರು) 10,592 ರೂಪಾಯಿ. ಪುಣೆಯಲ್ಲಿ ರೂಮ್ ಬಾಡಿಗೆ ಕಟ್ಟಿ ಇದರಲ್ಲಿ ಬದುಕೋದು ಹೇಗೆ? ಬಾಂಡ್ ಮುಗಿದ ದಿನವೇ ಹೊರಟುಬಿಡ್ತಾರೆ. ಓದುವಾಗ 6,000ದ ಬದಲು 4,000 ಕೊಡಿ, ಉಳಿಯೋ 48,000ವನ್ನು ಕೆಲಸದ ಮೊದಲ ವರ್ಷ ತಿಂಗಳಿಗೆ 4,000ದಂತೆ ಸಂಬಳದ ಮೇಲೆ ಸೇರಿಸಿ. ಆಗ ವಸೂಲಿಯ ಲೆಕ್ಕ 96,000ದ ಮೇಲೆ. ಫೀಸು ಕಟ್ಟೋಕೆ ಒಟ್ಟಿಗೆ ಬೇಕಾದವರಿಗೆ ಮಾತ್ರ ಮುಂಗಡ.

ಪ್ರಶ್ನೆ ಕೇಳಿದವರು
ಉಪಯೋಗ ಆಯ್ತು. ತರಬೇತಿಯನ್ನೂ ನಾವೇ ಕೊಡಿಸಬೇಕಾ, ಕಾಲೇಜಿನ ಫೀಲ್ಡ್‌ವರ್ಕ್ ಸಾಕಾ?

ಉತ್ತರ 3 (ಗೋವಾ, ವಾಸ್ಕೋ)
ಸಾಕಾಗಲ್ಲ. ಮಗುವಿನ ಮನೆ, ಊರು, ಪರಿಸ್ಥಿತಿ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿ, ಅಂದ್ರೆ ನಮೂನೆ 22, ಬರೆಯೋದನ್ನು ಬೇರೆಯಾಗಿಯೇ ಕಲಿಸಿ. ಬಾಲನ್ಯಾಯ ಕಾಯ್ದೆಯಲ್ಲಿ ಈ ತನಿಖೆಗೆ 15 ದಿನ. ಇಲ್ಲಿನ ಝುವಾರಿನಗರದಂಥ ಕಡೆ ಕರ್ನಾಟಕದಿಂದ ಕೂಲಿಗೆ ಬಂದವರ ಮಗು ಸಿಕ್ಕಾಗ, ಕನ್ನಡ ಬಾರದವರು ಪಕ್ಕದ ಮನೆಯವರ ಬಾಯಿಂದ ಕೇಳಿ ಊರಿನ ಜಾಗದಲ್ಲಿ ‘ಕರ್ನಾಟಕ’ ಅಂತಷ್ಟೇ ಬರೆದುಬಿಡ್ತಾರೆ. ಜಿಲ್ಲೆ ಗೊತ್ತಾಗದೆ ಮಗುವಿನ ವಿಷಯ ತೀರ್ಮಾನಿಸುವ ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯನ್ನು ಸಂಪರ್ಕಿಸೋಕಾಗಲ್ಲ, ಹಾಗಾಗಿ ಮಗುವನ್ನು ಊರಿಗೆ ಕಳಿಸುವ ಆದೇಶವೂ ಆಗಲ್ಲ. ಮಗು ಬಾಲಮಂದಿರದಲ್ಲೇ ಉಳಿಯುತ್ತೆ. ಜಿಲ್ಲೆ, ತಾಲೂಕು, ಹಳ್ಳಿ, ಓಣಿ, ಕರೆತಂದ ಮೇಸ್ತ್ರಿಯ ಹೆಸರು ಇಷ್ಟನ್ನೂ ಕೇಳೋದು ಅಭ್ಯಾಸ ಆಗಬೇಕು.

ಇದನ್ನು ಕ್ಲಾಸಿನಲ್ಲಿ ಕಲಿಸೋಕಾಗಲ್ಲ. ಅನುಭವ ಇರುವ ಒಬ್ಬರು ವಾರಕ್ಕೊಂದು ಗಂಟೆ ಕೂತು ಅವರ ವರದಿ ತಿದ್ದಬೇಕು. ಹಾಗೆ ತಿದ್ದುವವರಿಗೂ ಗೌರವಧನ ತೆಗೆದಿಡಿ, ಬಿಟ್ಟಿ ಕೆಲಸ ಎರಡು ತಿಂಗಳಿಗೆ ನಿಂತುಹೋಗುತ್ತೆ.