ಇನ್ಸುಲಿನೋಮಾಗೆ (ಇನ್ಸುಲಿನ್ ಸುರಿಸೋ ಪ್ಯಾಂಕ್ರಿಯಾಸ್ ಗಡ್ಡೆ) ಮೊದಲು ಸ್ಕ್ಯಾನಾ, ಉಪವಾಸಾನಾ? (ಎಂಬಿಬಿಎಸ್ ಬ್ಯಾಚ್ ಗುಂಪು)

ಪ್ರಕಾಶ: [ಫಾರ್ವರ್ಡ್] ಪದೇ ಪದೇ ಶುಗರ್ ಇಳಿದು ತಲೆ ಸುತ್ತುತ್ತಿದೆಯೇ? ಪ್ಯಾಂಕ್ರಿಯಾಸ್ ಗಡ್ಡೆ ಇರಬಹುದು. ಇಂದೇ ಸಿಟಿ ಮಾಡಿಸಿ!

ಸುಮಾ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1–4 ಮಂದಿಗೆ ಬರೋ ಗಡ್ಡೆ ಇದು. ತಲೆ ಸುತ್ತಿದವರನ್ನೆಲ್ಲ ಸ್ಕ್ಯಾನಿಗೆ ಕಳಿಸ್ತೀಯೇನೋ?

ಪ್ರಕಾಶ: ಆಪರೇಷನ್‌ಗೆ ಹೇಗೂ ಸಿಟಿ ಬೇಕೇ ಬೇಕಲ್ವೇನೇ.

ಸುಮಾ: ಬೇಕು, ಆಮೇಲೆ. ಮೊದಲು ಅಡ್ಮಿಟ್ ಮಾಡಿ 72 ಗಂಟೆ ಉಪವಾಸ. 6 ಗಂಟೆಗೊಮ್ಮೆ ರಕ್ತ, ಗ್ಲೂಕೋಸ್ 60ಕ್ಕಿಳಿದ ಮೇಲೆ 1–2 ಗಂಟೆಗೊಮ್ಮೆ. ಲಕ್ಷಣ ಕಂಡು ಗ್ಲೂಕೋಸ್ 55ಕ್ಕಿಂತ ಕಮ್ಮಿ ಇದ್ದಾಗಲೂ ಇನ್ಸುಲಿನ್ 3 ಮೈಕ್ರೋಯೂನಿಟ್, ಸಿ-ಪೆಪ್ಟೈಡ್ (ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಬರೋ ತುಣುಕು) 0.6 ನ್ಯಾನೋಗ್ರಾಂ ಮುಟ್ಟಿದ್ರೆ ಇನ್ಸುಲಿನ್ ಒಳಗಿಂದಲೇ ಸುರೀತಿದೆ ಅಂತ ಅರ್ಥ. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ಮಾತ್ರ ತಳ ಹಿಡಿದಿದ್ರೆ ಯಾರೋ ಇನ್ಸುಲಿನ್ ಇಂಜೆಕ್ಷನ್ ಚುಚ್ಚಿದಾರೆ. ಗ್ಲೂಕೋಮೀಟರ್ ನಂಬ್ಬೇಡಿ, ಕೆಳಮಟ್ಟದಲ್ಲಿ ಅದರ ಅಂಕಿ ಸರಿ ಇರಲ್ಲ. ಲ್ಯಾಬಿಗೇ ಕಳಿಸಿ.

ನಾಗರಾಜ: ಸಲ್ಫೋನೈಲ್‌ಯೂರಿಯಾ (ಇನ್ಸುಲಿನ್ ಹೆಚ್ಚಿಸೋ ಶುಗರ್ ಮಾತ್ರೆ) ಸ್ಕ್ರೀನ್ ಬಿಟ್ಟೆ ನೋಡು. ಅಜ್ಜನ ಆ ಜಾತಿಯ ಗ್ಲಿಮೆಪಿರೈಡ್ ಮಾತ್ರೆ ತಪ್ಪಿ ನುಂಗಿದ್ರೂ ರಿಪೋರ್ಟ್ ಹೀಗೇ ಬರುತ್ತೆ.

ಪ್ರಕಾಶ: 3 ದಿನದ ಬೆಡ್ ಚಾರ್ಜ್ ಯಾರು ಕೊಡ್ತಾರೆ? ಸಿಟಿಲಿ ಗಡ್ಡೆ ಕಂಡ್ರೆ ಅಲ್ಲಿಗೇ ಮುಗೀತು.

ನಾಗರಾಜ: ಕಂಡ್ರೆ ತಾನೇ! ಬಹುಪಾಲು 2 ಸೆಂ.ಮೀ. ಕೂಡ ಇರಲ್ಲ, ಆರ್ಟೀರಿಯಲ್ ಫೇಸ್ (ಡೈ ಅಪಧಮನಿಗಳಲ್ಲಿ ತುಂಬಿರೋ ಕ್ಷಣ) ಸರಿಯಾಗಿ ಸಿಗದಿದ್ರೆ ತಪ್ಪಿಸಿಕೊಳ್ಳುತ್ತೆ. ಕಂಡದ್ದು ಇನ್ಸುಲಿನ್ ಸುರಿಸದ ಬೇರೆ ಗಡ್ಡೆ ಆಗಿದ್ರೆ? ಅದನ್ನ ಕಿತ್ತರೂ ಶುಗರ್ ಬೀಳೋದು ನಿಲ್ಲಲ್ಲ. ಸಿಟಿಲಿ ಏನೂ ಇಲ್ಲ ಅಂದ್ರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಸೌಲಭ್ಯ ಇದ್ದಲ್ಲಿ ಎಕ್ಸೆಂಡಿನ್ ಪೆಟ್ (ಈ ಗಡ್ಡೆಯ ರಿಸೆಪ್ಟರಿಗೆ ಅಂಟೋ ವಿಕಿರಣ ಗುರುತಿನ ಸ್ಕ್ಯಾನ್). ಮಾಮೂಲಿ ಡೋಟಾಟೇಟ್ ಪೆಟ್ ಇಲ್ಲಿ ಎಷ್ಟೋ ಸಲ ಕೈಕೊಡುತ್ತೆ, ಅದು ಅಂಟೋ ಸೊಮಾಟೋಸ್ಟಾಟಿನ್ ರಿಸೆಪ್ಟರೇ ಈ ಗಡ್ಡೇಲಿ ಕಮ್ಮಿ.

ಪ್ರಕಾಶ: ಆಗಲೂ ಸಿಗದಿದ್ರೆ ಪ್ಯಾಂಕ್ರಿಯಾಸ್ ಬಾಲ ಕತ್ತರಿಸೋದು, ಅಷ್ಟೇ ತಾನೆ?

ನಾಗರಾಜ: ಮಾರಾಯ, ಆ ಕಾಲ ಹೋಯ್ತು! ಗಡ್ಡೆ ಗ್ರಂಥಿಯ ತಲೇಲೂ ಇರಬಹುದು, ನಡುವಲ್ಲೂ ಇರಬಹುದು. ಟೇಬಲ್ ಮೇಲೆ ಗ್ರಂಥಿ ಬಿಡಿಸಿ, ಕೈಯಲ್ಲಿ ತಡಕಿ, ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಹುಡುಕು. ಮುಖ್ಯ ನಾಳಕ್ಕೂ ಗಡ್ಡೆಗೂ 2–3 ಮಿ.ಮೀ. ಅಂತರ ಇದ್ರೆ ಗಡ್ಡೆಯಷ್ಟನ್ನೇ ಬಿಡಿಸಿ ತೆಗಿ. ಅಂಟಿಕೊಂಡಿದ್ರೆ ಬೇಡ, ನಾಳ ಹರಿದು ರಸ ಸೋರುತ್ತೆ. ಆ ಭಾಗವನ್ನೇ ತೆಗೀಬೇಕು. ಆಪರೇಷನ್ ಆದ 3ನೇ ದಿನ ಡ್ರೇನ್ ನಳಿಕೆಯ ದ್ರವದಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಕಿಣ್ವ) ರಕ್ತದ ಸಾಮಾನ್ಯ ಗರಿಷ್ಠ ಮಿತಿಯ 3 ಪಟ್ಟು ದಾಟಿದ್ರೆ ರಸ ಸೋರ್ತಿರಬಹುದು, ಡ್ರೇನ್ ಕೀಳೋ ಆತುರ ಬೇಡ.

ಸುಮಾ: ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ನೋಡದೆ ನಾಗರಾಜನ ಟೇಬಲ್‌ಗೆ ಕಳಿಸ್ಬೇಡಿ. ಮೆನ್-1 (ಹಲವು ಗ್ರಂಥಿಗಳಲ್ಲಿ ಗಡ್ಡೆ ಬರೋ ಆನುವಂಶಿಕ ಕಾಯಿಲೆ) ಆಗಿದ್ರೆ ಗಡ್ಡೆ ಒಂದೇ ಇರಲ್ಲ.

ಪ್ರಕಾಶ: ಆಯ್ತಮ್ಮ, ಒಪ್ಪಿದೆ. ಆಪರೇಷನ್ ಡೇಟ್ ಸಿಗೋವರೆಗೆ ಆಕ್ಟ್ರಿಯೋಟೈಡ್ (ಹಾರ್ಮೋನ್ ತಡೆಯೋ ಇಂಜೆಕ್ಷನ್) ಕೊಡಬಹುದಾ?

ಸುಮಾ: ಮೊದಲು ಡಯಾಜಾಕ್ಸೈಡ್ (ಇನ್ಸುಲಿನ್ ಸುರಿಯೋದನ್ನ ತಡೆಯೋ ಔಷಧಿ), ಕಾಲು ಊದ್ತಾ ಅಂತ ನೋಡ್ತಿರಬೇಕು. ಆಕ್ಟ್ರಿಯೋಟೈಡ್ ಶುಗರ್ ಏರಿಸೋ ಗ್ಲುಕಗಾನನ್ನೂ ತಡೆಯುತ್ತೆ, ಕೆಲವರಿಗೆ ಶುಗರ್ ಇನ್ನೂ ಬೀಳುತ್ತೆ. ಕೊಡೋದೇ ಆದ್ರೆ ಮೊದಲ ಡೋಸ್ ವಾರ್ಡಲ್ಲೇ ಕೊಡು, ಡೆಕ್ಸ್‌ಟ್ರೋಸ್ ಪಕ್ಕದಲ್ಲಿರಲಿ.